ಒಂದು ದಿನ ಪೂರ್ತಿ ಆಕಾಶವಾಣಿಯ ಮಾತು, ರೂಪಕ, ನಾಟಕ ಕೇಳಿಸಬೇಕು: ವಾಚನಾಲಯದಲ್ಲಿ ಹೇಗೆ ಏರ್ಪಾಡು ಮಾಡುವುದು?

ಶಿರಿಯ ಹೊಳೆ:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಂದು ವಾಚನಾಲಯದಲ್ಲಿ ನವೆಂಬರ್ 12ಕ್ಕೆ ಬೆಳಗ್ಗಿನಿಂದ ರಾತ್ರಿವರೆಗೆ ಆಕಾಶವಾಣಿ ಕೇಳುವ ಕಾರ್ಯಕ್ರಮ ಇಟ್ಟುಕೊಳ್ಳುವ ಯೋಚನೆ ಉಂಟು. 1947ರಲ್ಲಿ ಅದೇ ತಾರೀಕಿಗೆ ಗಾಂಧೀಜಿ ದೆಹಲಿಯ ಆಕಾಶವಾಣಿ ಸ್ಟುಡಿಯೋಕ್ಕೆ ಬಂದು ಕುರುಕ್ಷೇತ್ರದ ಶಿಬಿರದಲ್ಲಿದ್ದ ನಿರಾಶ್ರಿತರಿಗಾಗಿ ಮಾತಾಡಿದ್ದರು. ಆ ನೆನಪಿಗೆ ಅದನ್ನು ಸಾರ್ವಜನಿಕ ಪ್ರಸಾರ ದಿನ ಎಂದು ಆಚರಿಸುತ್ತಾರೆ.

ಹಾಡು ಬೇಡ. ಮಾತು ಮತ್ತು ನಾಟಕ ಮಾತ್ರ ಬೇಕು: ಚಿಂತನ, ಭಾಷಣ, ಸಂದರ್ಶನ, ಕೃಷಿ ಮಾತುಕತೆ, ರೂಪಕ (ಮಾತು, ಸದ್ದು ಸೇರಿಸಿ ಒಂದು ವಿಷಯ ಹೇಳುವ ಕಾರ್ಯಕ್ರಮ), ನಾಟಕ. ಕೇಳಲು ಬರುವವರು ಐವತ್ತು ಅರವತ್ತು ಜನ, ಅರ್ಧ ಕನ್ನಡ ಮಾಧ್ಯಮದ ಮಕ್ಕಳು, ಉಳಿದವರು ಊರಿನ ಹಿರಿಯರು. ಕೋಣೆ ಕಾಂಕ್ರೀಟಿನದ್ದು, ಟೈಲ್ಸ್ ನೆಲ.

ತೊಂದರೆ ಇಷ್ಟು. ಮಂಗಳೂರಿನ 100.3 ಎಫ್‌ಎಂ ಬರುತ್ತದೆ, ಆದರೆ "ಸ್ಸ್" ಎಂಬ ಸದ್ದು ಜಾಸ್ತಿ. ಕಣ್ಣೂರಿನ 101.5 ಚೆನ್ನಾಗಿ ಕೇಳುತ್ತದೆ, ಅದು ಮಲಯಾಳ. ಮೀಡಿಯಂ ವೇವ್ ಹಾಕಿದರೆ ಗೊರಗೊರ. ಯಾವ ಹೊತ್ತಿಗೆ ಏನು ಆರಿಸಬೇಕು, ರಿಸೆಪ್ಶನ್ ಹೇಗೆ ಸರಿಮಾಡಬೇಕು, ಧ್ವನಿಮುದ್ರಿಸಿ ಇಟ್ಟುಕೊಳ್ಳಬಹುದಾ? ಸಂಜೆ ಮಕ್ಕಳೇ ಒಂದು ಸಣ್ಣ ರೇಡಿಯೋ ನಾಟಕ ಮಾಡಿದರೆ ಹೇಗೆ ಎಂಬ ಆಲೋಚನೆಯೂ ಉಂಟು. ತಿಳಿದವರು ವಿವರವಾಗಿ ಹೇಳಿ.


ತಂತಿ ಕಂಬ:

ಮೊದಲು ರಿಸೆಪ್ಶನ್. ಮಾತಿನ ಕಾರ್ಯಕ್ರಮಕ್ಕೆ ಇದು ಹಾಡಿಗಿಂತಲೂ ಮುಖ್ಯ. ಹಾಡಿನಲ್ಲಿ ಒಂದು ಸಾಲು ಹೋದರೆ ಮುಂದಿನ ಸಾಲಿನಿಂದ ಹಿಡಿದುಕೊಳ್ಳಬಹುದು, ನಾಟಕದಲ್ಲಿ ಒಂದು ಹೆಸರು ಕೇಳದಿದ್ದರೆ ಹತ್ತು ನಿಮಿಷ ಯಾರು ಮಾತಾಡುತ್ತಿದ್ದಾರೆಂದೇ ಗೊತ್ತಾಗುವುದಿಲ್ಲ.

100.3ರಲ್ಲಿ ಸ್ಸ್ ಸದ್ದು ಇದ್ದರೆ ಸೆಟ್ಟಿನಲ್ಲಿ ಸ್ಟೀರಿಯೋ/ಮೋನೋ ಸ್ವಿಚ್ ಉಂಟಾ ನೋಡಿ, ಇದ್ದರೆ ಮೋನೋಗೆ ಹಾಕಿ. ದುರ್ಬಲ ಸಿಗ್ನಲ್ಲಿನಲ್ಲಿ ಆ ಸದ್ದಿನ ಬಹುಪಾಲು ಸ್ಟೀರಿಯೋ ಬಿಡಿಸುವಾಗ ಹುಟ್ಟುವುದು. ಮಾತಿಗೆ ಸ್ಟೀರಿಯೋದಿಂದ ಏನೂ ಲಾಭ ಇಲ್ಲ. ಎಷ್ಟೋ ಕಡೆ ಈ ಒಂದೇ ಸ್ವಿಚ್ಚಿನಿಂದ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಹೊರಗೆ ಒಂದು ಡೈಪೋಲ್, ಅಂದರೆ ಎರಡು ಕೈಯ ಸರಳ ಆಂಟೆನಾ, ಕಟ್ಟಿ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಗುಡ್ಡ ಅಡ್ಡ ಬರುತ್ತದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದ್ದು, ಕಣಿವೆಯಲ್ಲಿದ್ದ ಮನೆಗೆ ಇಳಿಯುವುದು ಕಷ್ಟ. ಆದ್ದರಿಂದ ಎತ್ತರವೇ ಮುಖ್ಯ, ಸೆಟ್ಟಿನ ಬೆಲೆ ಅಲ್ಲ. ಲೆಕ್ಕ ಸುಲಭ: 142.5ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 100.3ಕ್ಕೆ 1.42 ಮೀಟರ್, ಅಂದರೆ ಒಂದೊಂದು ಕೈ 71 ಸೆಂಟಿಮೀಟರ್. ಅಲ್ಯುಮಿನಿಯಂ ಪೈಪ್ ಆಗಲಿ, ದಪ್ಪ ತಾಮ್ರದ ತಂತಿ ಆಗಲಿ ನಡೆಯುತ್ತದೆ. ಎರಡು ಕೈಗಳ ನಡುವೆ ಎರಡು ಸೆಂಟಿಮೀಟರ್ ಬಿಟ್ಟು ಪಿವಿಸಿ ತುಂಡಿಗೆ ಬಿಗಿಯಿರಿ. ಡಿಶ್ ಟಿವಿಗೆ ಹಾಕುವ ಆರ್‌ಜಿ-6 ಕೇಬಲ್ಲಿನ ನಡುತಂತಿ ಒಂದು ಕೈಗೆ, ಹೊರಜಾಲ ಇನ್ನೊಂದಕ್ಕೆ. ಜೋಡಿಸಿದ ಜಾಗದ ಹತ್ತಿರವೇ ಅದೇ ಕೇಬಲನ್ನು ಒಂದು ಗೇಣು ಅಗಲಕ್ಕೆ ಐದಾರು ಸುತ್ತು ಸುತ್ತಿ ಕಟ್ಟಿ. ಇಲ್ಲದಿದ್ದರೆ ಕೇಬಲ್ಲೇ ಆಂಟೆನಾ ಆಗಿ ಕೋಣೆಯೊಳಗಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ.

ಸೆಟ್ಟಿನಲ್ಲಿ ಆಂಟೆನಾ ಸಾಕೆಟ್ ಇಲ್ಲದಿದ್ದರೆ ನಡುತಂತಿಯನ್ನು ಕೋಲು ಆಂಟೆನಾಗೆ ಕ್ಲಿಪ್ ಹಾಕಿ, ಕೋಲನ್ನು ಒಳಗೆ ಮಡಚಿ ಇಡಿ. ಹೊರಜಾಲ ಬ್ಯಾಟರಿಯ ಮೈನಸ್ಸಿಗೆ. ಡೈಪೋಲಿನ ಅಡ್ಡಮುಖ ಮಂಗಳೂರಿಗೆ ತಿರುಗಿರಬೇಕು, ತುದಿ ಅಲ್ಲ. ನಿಮ್ಮಲ್ಲಿಂದ ಅದು ವಾಯುವ್ಯದ ಕಡೆ. ಮಲಗಿಸಿಯೂ ನೋಡಿ, ನೆಟ್ಟಗೆ ನಿಲ್ಲಿಸಿಯೂ ನೋಡಿ, ಗುಡ್ಡದಿಂದ ತಿರುಗಿ ಬರುವ ಅಲೆ ಯಾವ ರೀತಿ ಇಳಿಯುತ್ತದೆ ಎಂಬುದು ಜಾಗಕ್ಕೆ ಜಾಗಕ್ಕೆ ಬೇರೆ. ನವೆಂಬರಿನಲ್ಲಿ ಸಂಜೆಗೆ ತುಲಾ ಮಳೆಯ ಗುಡುಗು ಇರುತ್ತದೆ. ಮೋಡ ಕಟ್ಟಿದ ಕೂಡಲೆ, ಗುಡುಗು ಶುರುವಾಗುವ ಮೊದಲೇ, ಹೊರಗಿನ ಕೇಬಲ್ ಕಿತ್ತು ಕಿಟಕಿಯ ಹೊರಗೆ ಹಾಕಿ. ಮಕ್ಕಳು ಇರುವ ಜಾಗ, ಇದರಲ್ಲಿ ಉದಾಸೀನ ಬೇಡವೇ ಬೇಡ.

ಮೀಡಿಯಂ ವೇವ್ ಗೊರಗೊರಕ್ಕೆ ಕಾರಣ ಹೆಚ್ಚಾಗಿ ಕೋಣೆಯೊಳಗೇ ಇರುತ್ತದೆ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್. ಕಂಡುಹಿಡಿಯಲು ಸೆಟ್ಟನ್ನು ಬ್ಯಾಟರಿಯಲ್ಲಿ ಇಟ್ಟು, ಒಬ್ಬರು ಮೀಟರ್ ಬೋರ್ಡಿನ ಒಂದೊಂದೇ ಎಂಸಿಬಿ (ಒಂದೊಂದು ಲೈನಿನ ಕರೆಂಟು ತಡೆಯುವ ಸ್ವಿಚ್) ಇಳಿಸುತ್ತಾ ಹೋಗಲಿ. ಯಾವುದು ಇಳಿದಾಗ ಸದ್ದು ನಿಲ್ಲುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಎಲ್ಲ ಇಳಿಸಿದರೂ ಸದ್ದು ಹೋಗದಿದ್ದರೆ ಹೊರಗಿನ ಕಂಬದ ಇನ್ಸುಲೇಟರ್ ಸೋರುತ್ತಿರಬಹುದು, ಒಳ್ಳೆಯ ಮಳೆ ಬಂದು ತೊಳೆದ ಮೇಲೆ ಕಡಿಮೆಯಾದರೆ ಅದೇ ಎಂದು ಲೆಕ್ಕ.

ಮೀಡಿಯಂ ವೇವ್ ಆಂಟೆನಾ ಸೆಟ್ಟಿನ ಒಳಗಿನ ಫೆರೈಟ್ ಕಡ್ಡಿ. ಸೆಟ್ಟನ್ನು ಮೇಜಿನ ಮೇಲೆ ನಿಧಾನ ತಿರುಗಿಸಿದರೆ ಒಂದು ಕೋನದಲ್ಲಿ ನಿಲಯ ಮಾಯವಾಗುತ್ತದೆ, ಅದಕ್ಕೆ ಸರಿಯಾಗಿ ಅಡ್ಡದಲ್ಲಿ ಜೋರಾಗುತ್ತದೆ. ಗೊರಗೊರ ಮಾಯವಾಗುವ ಕೋನ ಹುಡುಕುವುದು ಜಾಣತನ, ನಿಲಯ ಸ್ವಲ್ಪ ಸಣ್ಣದಾದರೂ ಪರವಾಗಿಲ್ಲ. ಇನ್ನೂ ಬೇಕಾದರೆ 60 ಸೆಂಟಿಮೀಟರ್ ಚದರದ ಮರದ ಚೌಕಟ್ಟಿಗೆ ಆರೇಳು ಮಿಲಿಮೀಟರ್ ಬಿಟ್ಟು ಹನ್ನೊಂದು ಸುತ್ತು ತಂತಿ ಸುತ್ತಿ, ಎರಡೂ ತುದಿಗೆ ಹಳೇ ಟ್ರಾನ್ಸಿಸ್ಟರಿನ ಗ್ಯಾಂಗ್ ಕಂಡೆನ್ಸರ್ (ನಿಲಯ ಹಿಡಿಯಲು ತಿರುಗಿಸುವ ಭಾಗ) ಹಾಕಿ. ಸೆಟ್ಟಿಗೆ ತಂತಿ ಜೋಡಿಸುವುದು ಬೇಡ, ಪಕ್ಕದಲ್ಲಿಟ್ಟು ಗ್ಯಾಂಗ್ ತಿರುಗಿಸಿದರೆ ಒಂದು ಜಾಗದಲ್ಲಿ ಧ್ವನಿ ಎದ್ದು ಬರುತ್ತದೆ.

ಹಗಲಿಗೂ ರಾತ್ರಿಗೂ ವ್ಯತ್ಯಾಸ ಉಂಟು. ಹಗಲಿನಲ್ಲಿ ವಾತಾವರಣದ ಮೇಲ್ಭಾಗದ ವಿದ್ಯುದಂಶ ತುಂಬಿದ ಪದರದ, ಅಂದರೆ ಅಯಾನುಗೋಳದ, ಕೆಳಪದರ ಮೀಡಿಯಂ ವೇವನ್ನು ನುಂಗುತ್ತದೆ, ನೆಲಕ್ಕೆ ಅಂಟಿಕೊಂಡು ಬರುವ ಅಲೆ ಮಾತ್ರ ಸಿಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ ದೂರದ ನಿಲಯಗಳು ಬರುತ್ತವೆ: ಬೆಂಗಳೂರು 612, ಧಾರವಾಡ 765 ಕಿಲೋಹರ್ಟ್ಸ್. ಆದರೆ ಏರಿಳಿತ ಇರುತ್ತದೆ, ಗುಡುಗಿನ ಕಾಲದಲ್ಲಿ ಪಟಪಟವೂ ಇರುತ್ತದೆ. ದೇಶದಲ್ಲಿ ಹಲವು ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸುತ್ತಾ ಬಂದಿದ್ದಾರೆ, ಅದಕ್ಕಾಗಿಯೇ ಹೊಸ ಸೆಟ್ ಕೊಳ್ಳಬೇಡಿ. ಊರಿನಲ್ಲಿ ಇದ್ದ ಹಳೇ ಸೆಟ್ಟಿನಲ್ಲಿ ಒಂದು ರಾತ್ರಿ ಕೇಳಿ ನೋಡಿ ತೀರ್ಮಾನಿಸಿ.

ಮೀಸಲಿಗೆ ಫೋನ್ ಇಡಿ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ಪಿನಲ್ಲಿ ಕನ್ನಡದ ನಿಲಯಗಳು ಸಿಗುತ್ತವೆ, 2024ರ ನವೆಂಬರಿನಲ್ಲಿ ಬಂದ ವೇವ್ಸ್ ಆ್ಯಪ್ಪಿನಲ್ಲೂ ಆಕಾಶವಾಣಿ ಉಂಟು. ಸೆಕೆಂಡಿಗೆ 64 ಕಿಲೋಬಿಟ್ಟಿನ ಸ್ಟ್ರೀಮ್ ಗಂಟೆಗೆ ಸುಮಾರು 29 ಎಂಬಿ ತಿನ್ನುತ್ತದೆ, 128ರದ್ದಾದರೆ 58. ಇಡೀ ದಿನಕ್ಕೆ ಒಂದು ಜಿಬಿ ಸಾಕು. ಸ್ಟ್ರೀಮ್ ಗಾಳಿಯ ಪ್ರಸಾರಕ್ಕಿಂತ ಹಿಂದೆ ಇರುತ್ತದೆ, ಅರ್ಧ ನಿಮಿಷವೂ ಆಗಬಹುದು. ಹಾಗಾಗಿ ನಾಟಕದ ನಡುವೆ ರೇಡಿಯೋದಿಂದ ಫೋನಿಗೆ ಹಾರಿದರೆ ಕೇಳಿದ ಮಾತೇ ಮತ್ತೆ ಬರುತ್ತದೆ, ಫೋನಿನಿಂದ ರೇಡಿಯೋಕ್ಕೆ ಹಾರಿದರೆ ಮಾತು ತಪ್ಪುತ್ತದೆ. ಮಧ್ಯದಲ್ಲಿ ಬದಲಿಸಬೇಡಿ.


ಪಯಸ್ವಿನಿ ತೀರ:

ಕಾರ್ಯಕ್ರಮದ ಆಯ್ಕೆ ಬಗ್ಗೆ ಹೇಳುತ್ತೇನೆ. ಬೆಳಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ಸತತ ಕೇಳಿಸುವುದು ಬೇಡ ಮಾಸ್ಟ್ರೇ (ಮಾಸ್ಟ್ರೋ ಟೀಚರೋ ಗೊತ್ತಿಲ್ಲ, ಕ್ಷಮಿಸಿ). ನಿಲಯಗಳ ಪ್ರಸಾರವೇ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಹೊತ್ತು ಹರಡಿಕೊಂಡದ್ದು. ನೀವೂ ಮೂರು ಹೊತ್ತು ಒಂದೂವರೆ ಗಂಟೆಯಂತೆ ಇಟ್ಟರೆ ಸಾಕು. ಬರೀ ಮಾತನ್ನು ಅದಕ್ಕಿಂತ ಹೆಚ್ಚು ಹೊತ್ತು ಗಮನವಿಟ್ಟು ಕೇಳುವುದು ದೊಡ್ಡವರಿಗೂ ಆಗುವುದಿಲ್ಲ.

ಬೆಳಗ್ಗೆ 6.55ರ ಸಂಸ್ಕೃತ ವಾರ್ತೆಯಿಂದ ಶುರುಮಾಡಿ. ಐದೇ ನಿಮಿಷ. 1974ರಿಂದ ಬರುತ್ತಿರುವ ಪ್ರಸಾರ ಅದು, "ಇಯಂ ಆಕಾಶವಾಣೀ" ಎಂಬಲ್ಲಿಂದ ಹಿರಿಯರಿಗೆ ಬಾಯಿಪಾಠ. ಅರ್ಥವಾಗದಿದ್ದರೂ ಮಕ್ಕಳು ಊರು, ದೇಶ, ವ್ಯಕ್ತಿಗಳ ಹೆಸರು ಹಿಡಿಯಬಲ್ಲರು. ಆಮೇಲೆ ಚಿಂತನ, ಕನ್ನಡ ವಾರ್ತೆ. ವಾರ್ತೆಯಲ್ಲಿ ಕೇಳಬೇಕಾದ್ದು ಸುದ್ದಿಯ ವಿಷಯಕ್ಕಿಂತ ಅದನ್ನು ಕಟ್ಟಿದ ರೀತಿ. ಮೊದಲು ಮುಖ್ಯಾಂಶ, ನಡುವೆ ವಿವರ, ಕೊನೆಗೆ ಮತ್ತೆ ಮುಖ್ಯಾಂಶ. ಕಿವಿಗೆ ಹಿಂದಿನ ಪುಟ ತಿರುಗಿಸಿ ನೋಡುವ ಅವಕಾಶ ಇಲ್ಲದ ಕಾರಣ ಹೀಗೆ.

ಚಿಂತನವನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಮೂರು ನಾಲ್ಕು ನಿಮಿಷದಲ್ಲಿ ಒಂದೇ ವಿಷಯ, ಒಂದೇ ನಿದರ್ಶನ, ಅಷ್ಟೇ. ಕನ್ನಡದಲ್ಲಿ ನಿಮಿಷಕ್ಕೆ ನೂರು ಪದದ ಆಸುಪಾಸು ಓದಿದರೆ ಕಿವಿಗೆ ಹಿತ. ಅಂದರೆ ಮುನ್ನೂರು ನಾನ್ನೂರು ಪದ. ಒಂದು ಚಿಂತನ ಕೇಳಿದ ಕೂಡಲೆ ರೇಡಿಯೋ ಬಂದ್ ಮಾಡಿ, "ಏನು ಹೇಳಿದರು" ಎಂದು ಒಂದು ವಾಕ್ಯದಲ್ಲಿ ಬರೆಯಲು ಹೇಳಿ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಆದರೆ ಆ ಚಿಂತನ ಒಳ್ಳೆಯದು. ಹತ್ತು ಜನ ಹತ್ತು ಬರೆದರೆ ಮಾತಾಡಿದವರು ದಾರಿ ತಪ್ಪಿದ್ದಾರೆ.

ಸಂಜೆಗೆ ಕೃಷಿ ಕಾರ್ಯಕ್ರಮ ಬಿಡಲೇಬೇಡಿ. ನಮ್ಮದು ಅಡಿಕೆ, ತೆಂಗಿನ ಸೀಮೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕಾಸರಗೋಡಿನಲ್ಲೇ ಉಂಟು. ರೇಡಿಯೋ ಮಾತಿನಲ್ಲಿ ಅಳತೆ ಹೇಳುವುದು ಎಷ್ಟು ಕಷ್ಟ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಅಡಿಕೆಯ ಕೊಳೆರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತನ್ನು ಒಂದು ಪಾತ್ರೆಯಲ್ಲಿ, ಸುಣ್ಣವನ್ನು ಇನ್ನೊಂದರಲ್ಲಿ ಬೇರೆ ಬೇರೆ ಕರಗಿಸಿ, ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹಾಕಬೇಕು. ಒಳ್ಳೆಯ ಸಂದರ್ಶಕ ಇಲ್ಲಿ ತಡೆದು "ಯಾವುದನ್ನು ಯಾವುದಕ್ಕೆ?" ಎಂದು ಮತ್ತೆ ಕೇಳುತ್ತಾರೆ. ಗೊತ್ತಿಲ್ಲದೆ ಕೇಳುವುದಲ್ಲ, ತೋಟದಲ್ಲಿ ನಿಂತು ಅರ್ಧ ಕಿವಿಯಲ್ಲಿ ಕೇಳುತ್ತಿದ್ದವರಿಗಾಗಿ ಕೇಳುವುದು. ಭಾಷಣಕ್ಕೂ ಸಂದರ್ಶನಕ್ಕೂ ಇರುವ ವ್ಯತ್ಯಾಸ ಆ ಒಂದು ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಉದ್ದ ಉಪನ್ಯಾಸಕ್ಕೂ ಆಕಾಶವಾಣಿಯಲ್ಲಿ ಜಾಗ ಉಂಟು. ಸರ್ದಾರ್ ಪಟೇಲ್ ಸ್ಮಾರಕ ಉಪನ್ಯಾಸ 1955ರಿಂದ ನಡೆಯುತ್ತಿದೆ, ಮೊದಲನೆಯದನ್ನು ಕೊಟ್ಟವರು ರಾಜಾಜಿ. ಆದರೆ ನಿಮ್ಮ ಸಭೆಗೆ ಅದು ಭಾರ. ಗಾಂಧೀಜಿಯ ದಿನ ಎಂದಾದ ಕಾರಣ, ಅವರ ಹತ್ಯೆಯಾದ 1948ರ ಜನವರಿ 30ರ ಸಂಜೆ ನೆಹರೂ ಬರೆದುಕೊಳ್ಳದೆ ಮಾತಾಡಿದ್ದರ ಧ್ವನಿಮುದ್ರಿಕೆ ಹಾಕಿ. ಕಾಗದ ನೋಡಿ ಓದಿದ ಮಾತಿಗೂ ಮನಸ್ಸಿನಿಂದ ಬರುವ ಮಾತಿಗೂ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ವ್ಯತ್ಯಾಸ ಕೇಳುತ್ತದೆ.

ಈಗ ನಾಟಕ. ರಾಷ್ಟ್ರೀಯ ನಾಟಕ ಕಾರ್ಯಕ್ರಮ 1956ರಲ್ಲಿ ಶುರುವಾದದ್ದು. ಒಂದು ಭಾಷೆಯ ನಾಟಕವನ್ನು ಬೇರೆ ಬೇರೆ ಭಾಷೆಗಳಿಗೆ ತಂದು, ಆಯಾ ನಿಲಯಗಳು ತಮ್ಮ ಕಲಾವಿದರಿಂದ ಮಾಡಿಸಿ, ಒಂದೇ ರಾತ್ರಿ ದೇಶದ ಉದ್ದಗಲಕ್ಕೆ ಪ್ರಸಾರ ಮಾಡುವ ಏರ್ಪಾಡು. ಕಣ್ಣೂರಿನಲ್ಲಿ ಮಲಯಾಳದಲ್ಲಿ ಕೇಳಿದ ನಾಟಕವನ್ನೇ ಮಂಗಳೂರಿನಲ್ಲಿ ಕನ್ನಡದಲ್ಲಿ ಕೇಳಬಹುದು. ಎರಡೂ ಭಾಷೆ ಬಲ್ಲ ನಮ್ಮ ಜಿಲ್ಲೆಯವರಿಗೆ ಇದರಷ್ಟು ಹೊಂದುವ ಕಾರ್ಯಕ್ರಮ ಇನ್ನೊಂದಿಲ್ಲ. ಅದರ ರೂಢಿ ತಿಂಗಳ ನಾಲ್ಕನೇ ಗುರುವಾರ ರಾತ್ರಿ 9.30. ನಾಲ್ಕನೇ ಗುರುವಾರ 22ರಿಂದ 28ರ ಒಳಗೇ ಬೀಳುವುದು, ಅಂದರೆ 12ನೇ ತಾರೀಕಿಗೆ ಎಂದೂ ಬಾರದು. ಆ ನಾಟಕ ಬೇಕೇ ಬೇಕು ಎಂದಾದರೆ ದಿನ ಬದಲಿಸಿ. ತಾರೀಕು ಮುಖ್ಯ ಎಂದಾದರೆ ಆ ದಿನ ಯಾವ ಕನ್ನಡ ನಿಲಯದಲ್ಲಿ ನಾಟಕ ಉಂಟು ಎಂದು ನೋಡಿ ಆ್ಯಪ್ಪಿನಲ್ಲಿ ಹಾಕಿ. ವಿವಿಧ ಭಾರತಿಯ ಹವಾ ಮಹಲ್ ಕೂಡ ಕೇಳಿಸಬಹುದು. ಹಿಂದಿ, ಕಾಲು ಗಂಟೆಯ ಪ್ರಹಸನ, ಶಾಲೆಯ ಹಿಂದಿ ಗೊತ್ತಿದ್ದ ಮಕ್ಕಳಿಗೆ ಹಿಡಿಯುತ್ತದೆ.

ಒಂದು ವಾರ ಮುಂಚೆ ನಿಲಯಕ್ಕೆ ಫೋನ್ ಮಾಡಿ ಆ ದಿನದ ಕಾರ್ಯಕ್ರಮ ಪಟ್ಟಿ ಕೇಳಿ ಬರೆದುಕೊಳ್ಳಿ. ಅದೇ ದಿನ ಬೆಳಗ್ಗೆ ಪ್ರಸಾರ ಶುರುವಾದಾಗ ದಿನದ ವಿವರ ಓದುತ್ತಾರೆ, ಅದನ್ನೂ ಕೇಳಿ ತಾಳೆ ನೋಡಿ. ಗಣ್ಯರು ತೀರಿಕೊಂಡರೆ, ಕ್ರಿಕೆಟ್ ಕಾಮೆಂಟರಿ ಬಂದರೆ, ಚುನಾವಣೆ ಇದ್ದರೆ ಮೊದಲು ಜಾಗ ಬಿಡುವುದು ನಾಟಕವೇ.


ಕುಂಬಳೆ ಸೀಮೆ:

ಪಯಸ್ವಿನಿಯವರು ಹೇಳಿದ್ದೆಲ್ಲ ಸರಿ. ತಾಳಮದ್ದಳೆ ಬಿಟ್ಟುಹೋಯಿತು, ಅದನ್ನು ಸೇರಿಸಲೇಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ ಇದು. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆಮದ್ದಳೆ, ಪಾತ್ರಗಳಾಗಿ ಕೂತು ಮಾತಾಡುವ ಅರ್ಥಧಾರಿಗಳ ಮಾತು (ಅದಕ್ಕೆ ಅರ್ಥ ಎನ್ನುತ್ತಾರೆ) ಇಷ್ಟೇ. ಕಣ್ಣಿಗೆ ಕೆಲಸವೇ ಇಲ್ಲದ ನಾಟಕ, ರೇಡಿಯೋ ಹುಟ್ಟುವ ಎಷ್ಟೋ ಮೊದಲೇ ನಮ್ಮವರು ರೇಡಿಯೋ ನಾಟಕ ಕೇಳಲು ಕಲಿತಿದ್ದರು ಎನ್ನಬಹುದು. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ ಯಕ್ಷಗಾನ, ತಾಳಮದ್ದಳೆ ಅಲ್ಲಿನ ಪ್ರಸಾರದ ಖಾಯಂ ಭಾಗ.

ನಿಮ್ಮ ಹಿರಿಯ ಕೇಳುಗರಿಗೆ ಇದು ಗೊತ್ತಿದ್ದ ದಾರಿ. ಹಾಗಾಗಿ ನಾಟಕಕ್ಕಿಂತ ಮೊದಲು ಅರ್ಧ ಗಂಟೆಯ ತಾಳಮದ್ದಳೆ ಇಡಿ, ಆಮೇಲೆ ಆಧುನಿಕ ನಾಟಕ. ಎರಡರ ವ್ಯತ್ಯಾಸ ಅವರೇ ಹೇಳುತ್ತಾರೆ. ಅರ್ಥದಲ್ಲಿ ಮಾತು ಆ ಕ್ಷಣಕ್ಕೆ ಹುಟ್ಟುವಂಥದ್ದು, ಎದುರಿನವನ ಮಾತಿನ ಕೊನೆಯನ್ನು ಹಿಡಿದು ಇವನ ಮಾತು ಏಳುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥದ ಧ್ವನಿಮುದ್ರಿಕೆ ಸಿಕ್ಕಿದರೆ ಐದು ನಿಮಿಷ ಹಾಕಿ, ಎದುರಾಳಿಯ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂದು ಗಮನಿಸಲು ಹೇಳಿ. ಬರೆದ ನಾಟಕದಲ್ಲಿ ಆ ಮೌನವನ್ನು ನಿರ್ದೇಶಕ ಇಡಬೇಕಾಗುತ್ತದೆ.

ರೇಡಿಯೋದಲ್ಲಿ ತಾಳಮದ್ದಳೆ ಕೆಡುವುದು ಸಮಯದಿಂದ. ರಾತ್ರಿ ಪೂರ್ತಿ ಆಗುವ ಪ್ರಸಂಗವನ್ನು ಅರ್ಧ ಗಂಟೆಗೆ ತಂದಾಗ ಪೀಠಿಕೆಯೇ ಹತ್ತು ನಿಮಿಷ ತಿಂದು, ಕೊನೆಯ ಸಂವಾದ ಓಡಿಸಿಬಿಡುತ್ತಾರೆ. ಆರಿಸುವಾಗ ಎರಡೇ ಪಾತ್ರದ ಸಂವಾದ ಇರುವ ಭಾಗ ನೋಡಿಕೊಳ್ಳಿ, ಮಕ್ಕಳಿಗೂ ಧ್ವನಿ ಗುರುತು ಹಿಡಿಯುವುದು ಸುಲಭ.


ಶಿರಿಯ ಹೊಳೆ:

ಬಹಳ ಉಪಕಾರ ಆಯಿತು. (ಪಯಸ್ವಿನಿಯವರೇ, ಟೀಚರ್.) ತಾರೀಕು ಬದಲಿಸುವುದಿಲ್ಲ, ನಾಲ್ಕನೇ ಗುರುವಾರ ರಾತ್ರಿ ಆಸಕ್ತರು ಬೇರೆ ಸೇರುತ್ತೇವೆ. ಇನ್ನು ಮಕ್ಕಳ ನಾಟಕ. ಹನ್ನೆರಡು ನಿಮಿಷದ್ದು ಸಾಕು. ಕತೆ ನಮ್ಮ ಊರಿನದ್ದೇ: ಮಳೆಗಾಲದಲ್ಲಿ ಕಟ್ಟ (ನೀರಿಗೆ ಅಡ್ಡ ಹಾಕಿದ ಒಡ್ಡು) ಒಡೆದು ತೋಟಕ್ಕೆ ನೀರು ನುಗ್ಗುವುದು, ಇಬ್ಬರು ನೆರೆಯವರ ಜಗಳ. ಎಂಟು ಹತ್ತು ಮಕ್ಕಳು ಮಾತಾಡಲು ತಯಾರಿದ್ದಾರೆ. ಒಂದು ಮೈಕ್, ಒಂದು ಲ್ಯಾಪ್‌ಟಾಪ್ ಉಂಟು. ಪಕ್ಕದ ಕೋಣೆಯಲ್ಲಿ ಮಾಡಿ ಈ ಕೋಣೆಗೆ ಕೇಳಿಸಬೇಕು ಎಂದು ಆಸೆ. ಮತ್ತೆ ಕಾನೂನಿನ ವಿಷಯ ಯಾರೂ ಹೇಳಲಿಲ್ಲ.


ಕೆಂಪು ದೀಪ:

ಹನ್ನೆರಡು ನಿಮಿಷಕ್ಕೆ ಸಾವಿರ ಪದ ಮೀರಬೇಡಿ ಟೀಚರ್. ನಿಮಿಷಕ್ಕೆ ನೂರರ ಲೆಕ್ಕದಲ್ಲಿ ಹತ್ತು ನಿಮಿಷ ಮಾತು, ಉಳಿದ ಎರಡು ನಿಮಿಷ ಸದ್ದು, ಮೌನ, ಸಂಗೀತದ ಪಾಲು. ಮೊದಲ ಸಲ ಬರೆಯುವವರೆಲ್ಲ ಈ ಎರಡು ನಿಮಿಷವನ್ನು ಮರೆಯುತ್ತಾರೆ.

ಹತ್ತು ಮಕ್ಕಳು ಜಾಸ್ತಿಯಾಯಿತು. ಕೇಳುಗರಿಗೆ ಐದು ಧ್ವನಿ ಮಾತ್ರ ನೆನಪಿರುತ್ತವೆ. ಐವರಿಗೆ ಹೆಸರುಳ್ಳ ಪಾತ್ರ ಕೊಡಿ, ಅದರಲ್ಲೂ ಒಂದೇ ವಯಸ್ಸಿನ ಇಬ್ಬರು ಹುಡುಗಿಯರನ್ನು ಎದುರುಬದುರು ಮಾತಾಡಿಸಬೇಡಿ, ಯಾರು ಯಾರೆಂದು ತಿಳಿಯದು. ಜಗಳವಾಡುವ ನೆರೆಯವರಲ್ಲಿ ಒಬ್ಬರದ್ದು ದಪ್ಪ ಧ್ವನಿ, ನಿಧಾನ. ಇನ್ನೊಬ್ಬರದ್ದು ತೆಳು, ಚುರುಕು. ಬಾಕಿ ಐವರು ಸದ್ದು ಮಾಡಲಿ, ಗುಂಪಿನ ಗಲಾಟೆಗೆ ಸೇರಲಿ. ಆ ಕೆಲಸ ಸಣ್ಣದಲ್ಲ.

ಬರೆಯುವಾಗ ಪಾತ್ರ ಬಂದದ್ದು, ಹೋದದ್ದು ಮಾತಿನಲ್ಲೇ ಗೊತ್ತಾಗಬೇಕು. "ಓ ಐತಪ್ಪಣ್ಣ, ಆ ಕಟ್ಟದ ಮೇಲೆ ಯಾಕೆ ನಿಂತದ್ದು?" ಎಂದರೆ ಹೆಸರು, ಜಾಗ, ಸಂಬಂಧ ಮೂರೂ ಒಮ್ಮೆಗೇ ಬಂತು. ಆದರೆ "ನಾನೀಗ ಕೆಂಪು ಛತ್ರಿ ಹಿಡಿದು ಕಟ್ಟ ದಾಟುತ್ತಿದ್ದೇನೆ" ಎಂದು ಯಾರೂ ಮಾತಾಡುವುದಿಲ್ಲ, ಅದನ್ನು ಹೊಡೆದುಹಾಕಿ. ಮಕ್ಕಳು ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಮಲಯಾಳ ಏನು ಮಾತಾಡುತ್ತಾರೋ ಅದರ ಒಂದೆರಡು ಮಾತು ಜಗಳದಲ್ಲಿ ಬರಲಿ, ಸಿಟ್ಟು ಬಂದಾಗ ಪುಸ್ತಕದ ಕನ್ನಡ ಬಾಯಿಗೆ ಬರುವುದಿಲ್ಲ.

ಮೈಕ್ ಒಂದೇ ಇದ್ದರೂ ಸಾಕು, ದೂರದಿಂದ ಆಟ ಆಡಬೇಕು. ಗುಟ್ಟಿನ ಮಾತು ಒಂದು ಗೇಣು, ಸಾಮಾನ್ಯ ಮಾತು ಒಂದೂವರೆ ಎರಡು ಗೇಣು, ಅಂಗಳದಿಂದ ಕೂಗುವುದು ಎರಡು ಮೀಟರ್ ಹಿಂದಿನಿಂದ, ಅದೂ ಮುಖ ಸ್ವಲ್ಪ ತಿರುಗಿಸಿ. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಮೂರು ಗೆರೆ ಎಳೆದುಬಿಡಿ. ದೂರ ಹೋಗುವ ಪಾತ್ರ ಮಾತಾಡುತ್ತಲೇ ಹಿಂದೆ ಹೆಜ್ಜೆ ಇಡಲಿ. ಧ್ವನಿ ಸಣ್ಣದು ಮಾಡಿದರೆ ದೂರ ಹೋದಂತೆ ಕೇಳುವುದಿಲ್ಲ, ಪಿಸುಗುಟ್ಟಿದಂತೆ ಕೇಳುತ್ತದೆ. "ಪ", "ಬ", "ಹ" ಬಂದಾಗ ಉಸಿರು ಮೈಕಿಗೆ ಬಡಿದು ಡಬ್ ಎನ್ನುತ್ತದೆ, ಅದಕ್ಕೆ ಮೈಕಿನ ನೇರಕ್ಕೆ ಅಲ್ಲ, ಪಕ್ಕಕ್ಕೆ ಸ್ವಲ್ಪ ಓರೆಯಾಗಿ ನಿಲ್ಲಿಸಿ.

ಸ್ಕ್ರಿಪ್ಟ್ ಬಿಡಿ ಹಾಳೆಯಲ್ಲಿ, ಒಂದೇ ಮಗ್ಗುಲಿಗೆ. ಪಿನ್ ಹೊಡೆಯಬೇಡಿ. ಹಾಳೆ ತಿರುಗಿಸಿದರೆ ಆ ಸರಪರ ಮೈಕಿನಲ್ಲಿ ಮಳೆಗಿಂತ ಜೋರು ಕೇಳುತ್ತದೆ. ಓದಿ ಮುಗಿದ ಹಾಳೆಯನ್ನು ಮೆಲ್ಲಗೆ ಬದಿಗೆ ಜಾರಿಸಬೇಕು. ಒಂದು ಮಾತು ಒಂದು ಹಾಳೆಯ ಕೆಳಗೆ ಶುರುವಾಗಿ ಇನ್ನೊಂದರಲ್ಲಿ ಮುಗಿಯದ ಹಾಗೆ ಬರೆಸಿ. ಹಾಳೆ ಬದಲಿಸುವ ಕಡೆ ಎಲ್ಲರೂ ತಡವರಿಸುವುದು ಇದರಿಂದಲೇ.

ಸದ್ದುಗಳು: ಮಳೆಗೆ ಗಟ್ಟಿ ಕಾಗದದ ಮೇಲೆ ಅಕ್ಕಿ ನಿಧಾನ ಸುರಿಯಿರಿ, ಮೈಕಿನಿಂದ ಒಂದು ಅಡಿಯಲ್ಲಿ. ಗುಡುಗಿಗೆ ತೆಳು ತಗಡಿನ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಅಲುಗಿಸಿ. ನೀರು ನುಗ್ಗುವುದಕ್ಕೆ ಅಗಲ ಬಾಯಿಯ ಬಾಲ್ದಿಯಲ್ಲಿ ಕೈಯಾಡಿಸಿ, ಮೈಕಿಗೆ ಹನಿ ಹಾರದಷ್ಟು ದೂರ ಇರಲಿ. ಒದ್ದೆ ಮಣ್ಣಿನ ನಡಿಗೆಗೆ ಒದ್ದೆ ಗೋಣಿಯನ್ನು ಹಿಂಡಿ ಬಿಡಿ. ಕಟ್ಟ ಒಡೆಯುವ ಸದ್ದನ್ನು ಒಂದೇ ಸಲ ಜೋರಾಗಿ ಮಾಡಬೇಡಿ. ಮೊದಲು ಒಂದೆರಡು ಕಲ್ಲು ಜಾರುವ ಸದ್ದು, ಆಮೇಲೆ ಎರಡು ಸೆಕೆಂಡ್ ಏನೂ ಇಲ್ಲ, ಆಮೇಲೆ ನೀರು. ಆ ಎರಡು ಸೆಕೆಂಡಿನಲ್ಲಿ ಕೇಳುಗರು ಉಸಿರು ಹಿಡಿಯುತ್ತಾರೆ. ನಾಲ್ಕೈದು ಸೆಕೆಂಡ್ ಮೀರಿ ಮೌನ ಇಟ್ಟರೆ ರೇಡಿಯೋ ಕೆಟ್ಟಿತು ಎಂದುಕೊಳ್ಳುತ್ತಾರೆ.

ಮಳೆಯ ಸದ್ದನ್ನು ದೃಶ್ಯ ಪೂರ್ತಿ ಒಂದೇ ಮಟ್ಟದಲ್ಲಿ ಇಡುವುದು ಸಾಮಾನ್ಯ ತಪ್ಪು. ಶುರುವಿಗೆ ಜೋರಾಗಿ ಮೂರು ಸೆಕೆಂಡ್, ಮಾತು ಬಂದಾಗ ಕೇಳಿಯೂ ಕೇಳದಷ್ಟು ಕೆಳಗೆ, ಮಾತಿನ ನಡುವಿನ ಬಿಡುವಿನಲ್ಲಿ ಒಮ್ಮೆ ಮೇಲೆ.

ನೇರ ಕೇಳಿಸುವುದು ಒಳ್ಳೆಯದೇ, ಆದರೆ ಎರಡು ಕೋಣೆಗಳ ನಡುವೆ ಬಾಗಿಲು ಮುಚ್ಚಿರಬೇಕು, ಇಲ್ಲದಿದ್ದರೆ ಸ್ಪೀಕರಿನ ಸದ್ದು ಮೈಕಿಗೆ ಹೋಗಿ ಕಿರುಚುತ್ತದೆ. ಮಕ್ಕಳ ಕೋಣೆಯಲ್ಲಿ ಫ್ಯಾನ್ ಬಂದ್, ಫೋನ್‌ಗಳು ಹೊರಗೆ. ಗೋಡೆಗೆ ಕಂಬಳಿ, ಸೀರೆ ಮಡಿಸಿ ನೇತುಹಾಕಿ. ಲ್ಯಾಪ್‌ಟಾಪಿನಿಂದ "ಗುಂಯ್" ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸ್ಟಾಪ್‌ವಾಚ್ ಹಿಡಿದ ಒಬ್ಬರು ಕೈಸನ್ನೆಯಲ್ಲೇ ಸೂಚನೆ ಕೊಡಲಿ: ಬೆರಳು ತೋರಿಸಿದರೆ ಶುರು, ಎರಡು ಕೈ ಎಳೆದಂತೆ ಮಾಡಿದರೆ ನಿಧಾನ, ಬೆರಳು ಸುತ್ತಿಸಿದರೆ ಬೇಗ. ಮೂರು ಪೂರ್ತಿ ತಾಲೀಮು ಬೇಕು. ಮೊದಲನೆಯದು ಮಾತಿಗೆ, ಎರಡನೆಯದು ಸದ್ದಿಗೆ, ಮೂರನೆಯದು ಸಮಯಕ್ಕೆ.


ತಂತಿ ಕಂಬ:

ಕೇಳುವ ಕೋಣೆಯ ಬಗ್ಗೆ ಒಂದು ಮಾತು ಬಾಕಿ ಇತ್ತು. ಕಾಂಕ್ರೀಟ್, ಟೈಲ್ಸ್ ಎಂದರೆ ಪ್ರತಿಧ್ವನಿ. ವಾಲ್ಯೂಮ್ ಏರಿಸಿದಷ್ಟೂ ಮಾತು ಕೆಡುತ್ತದೆ. ಮೂಲೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ ಇಡುವ ಬದಲು ಎರಡೋ ನಾಲ್ಕೋ ಸಣ್ಣ ಸ್ಪೀಕರುಗಳನ್ನು ಕೂತವರ ಕಿವಿಯ ಎತ್ತರಕ್ಕೆ, ಯಾರಿಗೂ ನಾಲ್ಕೈದು ಮೀಟರಿಗಿಂತ ದೂರ ಆಗದ ಹಾಗೆ ಇಡಿ. ಬಾಸ್ ಪೂರ್ತಿ ಇಳಿಸಿ, ಟ್ರೆಬಲ್ ಸ್ವಲ್ಪ ಏರಿಸಿ. ಮಾತಿನ ಸ್ಪಷ್ಟತೆ ಇರುವುದು ಸ, ಶ, ತ, ಕ ಇಂಥ ವ್ಯಂಜನಗಳಲ್ಲಿ, ಅವೆಲ್ಲ ಟ್ರೆಬಲ್ ಕಡೆಯ ತೆಳು ಸದ್ದು. ಕುರ್ಚಿ ಬೇಡ, ಚಾಪೆ ಹಾಸಿ ಕೂರಿಸಿ, ನೆಲದ ಪ್ರತಿಧ್ವನಿ ಅರ್ಧ ಅಲ್ಲೇ ಸಾಯುತ್ತದೆ. ಪರೀಕ್ಷೆಗೆ ಕೊನೆಯ ಸಾಲಿನಲ್ಲಿ ಒಬ್ಬರನ್ನು ಕೂರಿಸಿ ವಾರ್ತೆಯಲ್ಲಿ ಬಂದ ಊರಿನ ಹೆಸರುಗಳನ್ನು ಬರೆಯಲು ಹೇಳಿ.


ಮಂಜೇಶ್ವರ ಓದುಗ:

ಕಾನೂನು ಕೇಳಿದಿರಿ. 1957ರ ಕೃತಿಸ್ವಾಮ್ಯ ಕಾಯಿದೆಯ 37ನೇ ಕಲಮಿನಲ್ಲಿ ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷದ ಹಕ್ಕು ಉಂಟು. ಸಾರ್ವಜನಿಕರಿಗೆ ದುಡ್ಡು ಪಡೆದು ಕೇಳಿಸುವುದು ಅದರಲ್ಲಿ ತಪ್ಪು ಎಂದು ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಟಿಕೆಟ್, ಪ್ರವೇಶ ಶುಲ್ಕ, "ಚಹಾದ ಬಾಬ್ತು" ಎಂದು ಬಾಗಿಲಲ್ಲಿ ವಸೂಲಿ ಯಾವುದೂ ಬೇಡ. ಖರ್ಚು ವಾಚನಾಲಯದ ಲೆಕ್ಕದಲ್ಲೇ ಹೋಗಲಿ.

ಪ್ರಸಾರವನ್ನು ಧ್ವನಿಮುದ್ರಿಸುವುದಕ್ಕೂ ಅದೇ ಕಲಮು ಅಡ್ಡ ಬರುತ್ತದೆ. ಆದರೆ 39ನೇ ಕಲಮಿನಲ್ಲಿ ಸ್ವಂತ ಉಪಯೋಗಕ್ಕೆ, ನಿಜವಾದ ಪಾಠ ಅಥವಾ ಸಂಶೋಧನೆಗೆ ಮಾತ್ರ ಎಂದಾದರೆ ವಿನಾಯಿತಿ ಉಂಟು. ತರಗತಿಯಲ್ಲಿ ಮತ್ತೆ ಕೇಳಿಸಿ ಪಾಠ ಮಾಡಲು ಇಟ್ಟುಕೊಳ್ಳಬಹುದು. ಯೂಟ್ಯೂಬಿಗೆ ಹಾಕುವುದು, ವಾಟ್ಸಾಪ್ ಗುಂಪಿಗೆ ಹಂಚುವುದು ಅದರೊಳಗೆ ಬರುವುದಿಲ್ಲ. ನಾಟಕ ಬರೆದವರ ಹಕ್ಕು ಬೇರೆಯೇ, ಅದು ಅವರು ತೀರಿಕೊಂಡ ಮೇಲೆ 60 ವರ್ಷ.

ಮಕ್ಕಳೇ ಬರೆದ ನಾಟಕಕ್ಕೆ ಇದ್ಯಾವುದೂ ಇಲ್ಲ. ಪ್ರಕಟವಾದ ಬೇರೆಯವರ ನಾಟಕ ಆರಿಸಿದರೂ, ಹವ್ಯಾಸಿ ಸಂಘ ದುಡ್ಡು ಕೊಡದ ಸಭಿಕರ ಎದುರು ಆಡುವುದಕ್ಕೆ 52ನೇ ಕಲಮಿನಲ್ಲಿ ದಾರಿ ಉಂಟು. ಅದನ್ನು ಧ್ವನಿಮುದ್ರಿಸಿ ಹಂಚಲು ಮಾತ್ರ ಬರೆದವರ ಒಪ್ಪಿಗೆ ಕಾಗದದಲ್ಲಿ ಪಡೆಯಿರಿ.


ಶಿರಿಯ ಹೊಳೆ:

ಸರಿ. ಡೈಪೋಲಿಗೆ ಪೈಪು, ಆರ್‌ಜಿ-6 ಕೇಬಲ್ ಈ ವಾರವೇ ತರಿಸುತ್ತೇವೆ. ಮಂಗಳೂರು ನಿಲಯದ 12ರ ಪಟ್ಟಿ ಕೈಗೆ ಬಂದ ಕೂಡಲೆ ಇಲ್ಲಿ ಹಾಕುತ್ತೇನೆ, ಮೂರು ಹೊತ್ತಿಗೆ ಹಂಚಲು ಪಯಸ್ವಿನಿಯವರು ನೋಡಿ ಹೇಳಬೇಕು.